ಮೂಲೆ ಮಡಚಿದ ಹಾಳೆಗಳು

"ಬೆನ್ನು ಹಿಡೀರಿ, ಬೆನ್ನು! ತಲಿ ಮುಂದಕ್ಕ ಬಾಗಾಕತ್ತದ," ಎಂದು ಶಿವಕಾಂತಾ ಕೂಗಿದಳು.

ಇಬ್ಬರು ಹೆಂಗಸರು ಗುರುಶಾಂತಮ್ಮನ ಎರಡೂ ತೋಳು ಹಿಡಿದು ಗೋಡೆಗೆ ಆನಿಸಿದರು. ಮಗ ಸಂಜುಕುಮಾರ ಗೋಡೆಯ ಗೂಟಕ್ಕೆ ಬಿಳಿಯ ವಸ್ತ್ರ ಕಟ್ಟಿ, ಅದರ ತುದಿಯನ್ನು ತಾಯಿಯ ಗದ್ದದ ಕೆಳಗೆ ಹಾಯಿಸಿ ಬಿಗಿದ. ಕಾಲು ಮಡಿಸುವ ಕೆಲಸ ಶಾಂತಲಿಂಗಪ್ಪನ ಪಾಲಿಗೆ ಬಂದಿತ್ತು. ಎಪ್ಪತ್ತನಾಲ್ಕು ವರ್ಷದ ಮುದುಕ ಹೆಂಡತಿಯ ಬಲಗಾಲನ್ನು ಎಡತೊಡೆಯ ಮೇಲೆ ತಂದಿಡುವಾಗ, ನೋವಾದೀತೇನೋ ಎಂಬಂತೆ ಒಂದು ಸಲ ಅವಳ ಮುಖ ನೋಡಿದ.

"ಜಲ್ದಿ ಮಾಡ್ರಿ ಮಾಮಾ. ಮೈ ಬಿಗೀತಂದ್ರ ಮತ್ತ ಮಡಚಾಕ ಬರಂಗಿಲ್ಲ," ಎಂದಳು ಶಿವಕಾಂತಾ. ಆಕೆ ಗುರುಶಾಂತಮ್ಮನ ತಂಗಿ. ಅಕ್ಕನಿಗೆ ಹುಷಾರಿಲ್ಲವೆಂದು ನಾಲ್ಕು ದಿನದ ಹಿಂದೆ ಜೇವರ್ಗಿಯಿಂದ ಬಂದು ಉಳಿದವಳು. ಕೆಲಸವೆಲ್ಲ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. "ಅಕ್ಕ ಹಿಂಗ ಒಂದ್ ತಾಸು ಸುಮ್ಕ ಕುಂತಿದ್ದು ನಾ ಕಂಡೇ ಇಲ್ಲ. ಶಾಲಿ, ಅಡಗಿ, ಪರೀಕ್ಷಾ ಪೇಪರ... ಈಗರ ಕುಂದ್ರು ನಮ್ಮವ್ವಾ," ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವರ ಮನೆತನದಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪೂಜೆಗೆ ಕೂತವರ ಹಾಗೆ ಕೂಡಿಸಿ, ಕೂತಂತೆಯೇ ಮಣ್ಣಿಗೆ ಒಪ್ಪಿಸುತ್ತಾರೆ. ಶಾಂತಲಿಂಗಪ್ಪ ತನ್ನ ತಂದೆಯನ್ನು ಹೀಗೆ ಕೂಡಿಸಿದ್ದ, ತಾಯಿಯನ್ನು ಹೀಗೆ ಕೂಡಿಸಿದ್ದ. ಗುರುಶಾಂತಮ್ಮನ ತಲೆ ವಸ್ತ್ರದ ಬಿಗಿತಕ್ಕೆ ತುಸು ಎಡಕ್ಕೆ ವಾಲಿತ್ತು. ಕಣ್ಣು ಮುಚ್ಚಿದ್ದವು. ಬಲಗಿವಿ ಅವನ ಕಡೆಗಿತ್ತು. ಶಿವಕಾಂತಾ ಕಾಣದೆ ಇರಬಹುದು, ಕಳೆದ ಎರಡು ವರ್ಷ ಪ್ರತಿದಿನ ಸಂಜೆ ಐದಕ್ಕೆ ಅವಳು ಇದೇ ಅಂಗಳದಲ್ಲಿ, ಇದೇ ಗೋಡೆಗೆ ಒರಗಿ, ಹೀಗೆಯೇ ಕೂತಿರುತ್ತಿದ್ದಳು. ಅವನು ಹೇಳುವುದನ್ನು ಕೇಳಲು.

ಭಜನೆಯವರು ಬಂದರು. ಹಾರ್ಮೋನಿಯಂ ಇಳಿಸಿದರು. ಒಬ್ಬ ಹಿರಿಯ ಎರಡು ತಾಳಗಳನ್ನು ಶಾಂತಲಿಂಗಪ್ಪನ ಕಡೆಗೆ ಚಾಚಿದ. "ತಗೋರಿ ಕಂಟ್ರೋಲರ್ರ. ನಿಮ್ಮ ತಾಳ ಇಲ್ದ ನಮಗ ಪದ ಹತ್ತಂಗಿಲ್ಲ."

ಶಾಂತಲಿಂಗಪ್ಪ ಕೈ ಮುಂದೆ ಮಾಡಿದ. ಹಿತ್ತಾಳೆಯ ತಂಪು ಬೆರಳಿಗೆ ತಾಕುತ್ತಲೇ ಕೈ ಹಿಂದಕ್ಕೆಳೆದುಕೊಂಡ.

"ಇವತ್ತ ಬ್ಯಾಡ," ಎಂದ. "ಈ ತಾಳದ ಸಲುವಾಗೇ ಆಕಿಗಿ ಮೋಸ ಮಾಡೇನಿ."

ಹಾರ್ಮೋನಿಯಮ್ಮಿನ ದನಿಯಲ್ಲಿ ಆ ಮಾತು ಯಾರಿಗೂ ಕೇಳಿಸಲಿಲ್ಲ.

*

ಗುರುಶಾಂತಮ್ಮ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವಳು. ಮೊದಲರ್ಧ ಅಫಜಲಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ, ಉಳಿದದ್ದು ನರೋಣಾದಲ್ಲಿ. ಶಾಂತಲಿಂಗಪ್ಪ ಆಳಂದ ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದ. ಅಫಜಲಪುರ, ಜೇವರ್ಗಿ, ಮಟಕಿ ಎಂದು ಅವನು ಮೈಕಿನಲ್ಲಿ ಕೂಗಿದರೆ, ಚಹದ ಅಂಗಡಿಯಲ್ಲಿ ಕೂತವರು ಬಸಿಯಲ್ಲಿ ಉಳಿದ ಚಹ ಬಿಟ್ಟು ಏಳುತ್ತಿದ್ದರು.

ಅವಳು ನಿವೃತ್ತಳಾದ ಮರುವರ್ಷ ಪ್ರಾಚಿ ಬಂದಳು. ಅಫಜಲಪುರದ ಶಾಲೆಯಲ್ಲಿ ಅವಳ ವಿದ್ಯಾರ್ಥಿನಿ. ಈಗ ಕಲಬುರಗಿಯಲ್ಲಿ ಆಕಾಶದ ಸಂಶೋಧನೆ ಮಾಡುವವಳು. ಕಾಲಿಗೆ ನಮಸ್ಕಾರ ಮಾಡಿ, ಚೀಲದಿಂದ ಒಂದು ಕಟ್ಟು ಹಾಳೆ ತೆಗೆದಳು. ಹಾಳೆಗಳ ಮೇಲೆ ಅಕ್ಷರವಿಲ್ಲ. ಒಂದರ ಕೆಳಗೊಂದು ಹತ್ತು ಗೆರೆ, ಇರುವೆ ಹರಿದಾಡಿದ ಹಾಗೆ.

"ಟೀಚರ್, ಗೆರಿಯಾಗಿನ ದೊಡ್ಡದೊಡ್ಡ ಏರನ್ನ ಕಂಪ್ಯೂಟರ್ ಹುಡುಕ್ತದ. ಸಣ್ಣವು ಬಿಟ್ಟುಬಿಡ್ತದ್ರಿ. ನನಗ ಕಣ್ಣು ಬೇಕಾಗ್ಯಾವ," ಎಂದಿದ್ದಳು.

ಅಂದಿನಿಂದ ತಿಂಗಳಿಗೊಂದು ಕಟ್ಟು. ಪ್ರಾಚಿ ಕಲಬುರಗಿಯಿಂದ ಕಳಿಸಿದ್ದನ್ನು ಬಸ್ ನಿಲ್ದಾಣದ ಎದುರಿನ ಖಲೀಲ ತನ್ನ ಝರಾಕ್ಸ್ ಅಂಗಡಿಯಲ್ಲಿ ತೆಗೆದುಕೊಡುತ್ತಿದ್ದ. ಗುರುಶಾಂತಮ್ಮ ಸೀಸದ ಕಡ್ಡಿ ಹಿಡಿದು ಗೆರೆಗಳ ಮೇಲೆ ಬಗ್ಗಿ ಕೂಡುತ್ತಿದ್ದಳು. ಶಾಂತಲಿಂಗಪ್ಪನಿಗೆ ಅದೇನೆಂದು ತಿಳಿಯದು. ಒಂದು ಮಧ್ಯಾಹ್ನ ಇಬ್ಬರೂ ಹಸಿ ತೊಗರಿಕಾಯಿ ಸುಲಿಯುತ್ತ ಕೂತಾಗ ಕೇಳಿದ.

"ಎರಡು ಚಿಕ್ಕಿ ಅವ್ರಿ," ಎಂದಳು ಅವಳು. "ಒಂದರ ಸುತ್ತ ಒಂದು ತಿರುಗ್ತಾವ. ಒಂದು ಎಂದೋ ಸತ್ತದ. ಸತ್ತು, ಕುಗ್ಗಿ ಕುಗ್ಗಿ, ಇಲ್ಲಿಂದ ಜಿಡಗಾದ ತನಕ ಹಿಡಿಯೋ ಅಷ್ಟು ಆಗ್ಯಾದ. ಆದ್ರ ತೂಕ ನಮ್ಮ ಸೂರ್ಯಾನಕಿಂತ ಹೆಚ್ಚು."

"ಜಿಡಗಾ ಮಠದ ತನಕ? ಇಷ್ಟೇ?"

"ಇಷ್ಟೇ. ಇನ್ನೊಂದು ಇನ್ನಾ ಜೀವಂತ ಅದ. ಅದರ ಮೈಮ್ಯಾಲಿನ ಗ್ಯಾಸ್ ಹರಕೋತ ಬಂದು ಸತ್ತದ್ದರ ಮ್ಯಾಲ ಬೀಳ್ತದ. ಪದರ ಪದರ ಕೂಡ್ತದ. ತಾಸುಗಟ್ಟಲೆ ಏನೂ ಇಲ್ಲ, ಸುಮ್ಕ. ಭಾರ ಕೂಡಿ, ಕಾವು ಕೂಡಿ, ಒಮ್ಮಿಂದೊಮ್ಮೆ ಇಡೀ ಮೈ ಭಗ್ ಅಂತ ಉರೀತದ. ಹತ್ತು ಇಪ್ಪತ್ತು ಸೆಕೆಂಡು. ಅಷ್ಟರಾಗ ನಮ್ಮ ಸೂರ್ಯ ಒಂದು ವಾರ ಕೊಡೋದನ್ನ ಕೊಟ್ಟುಬಿಡ್ತದ. ಮತ್ತ ತಣ್ಣಗ ಆಗ್ತದ. ಮತ್ತ ಕೂಡಾಕ ಶುರು."

"ನಮಗ ಕಾಣ್ತದೇನು?"

"ಕಣ್ಣಿಗೆ ಕಾಣೋ ಬೆಳಕಲ್ಲ. ದವಾಖಾನ್ಯಾಗ ಎಲುಬಿನ ಫೋಟೋ ತಗೀತಾರಲ್ಲ, ಆ ಎಕ್ಸ್‌ರೇ. ಗಾಳಿ ಅದನ್ನ ಕೆಳಗ ಬಿಡಂಗಿಲ್ಲ. ಅದಕ್ಕ ಉಪಗ್ರಹ ಮ್ಯಾಲ ಹೋಗಿ ಎಣಸ್ತದ. ಆ ಎಣಿಕಿನೇ ಈ ಗೆರಿ."

ಶಾಂತಲಿಂಗಪ್ಪ ಒಂದು ಕಾಯಿ ಸುಲಿಯುವಷ್ಟು ಹೊತ್ತು ಯೋಚಿಸಿದ. "ಅಂದ್ರ ಸತ್ತದ್ದು ನಾನು. ಕೊಡಾಕಿ ನೀನು."

"ಕೊಟ್ಟಿದ್ದೆಲ್ಲಾ ನೀವು ಭಜನ್ಯಾಗ ಉರಸ್ತೀರಿ. ಸುಮ್ಕ ಕಾಯಿ ಸುಲೀರಿ," ಎಂದು ಅವಳು ನಕ್ಕಳು. ಮಡಿಲಿನ ಹಸಿರು ಕಾಳು ಅಂಗಳದ ತುಂಬ ಉರುಳಿದವು.

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಏರಿತು. ಮೊದಲು ಎಡಗಣ್ಣು ಮಬ್ಬಾಯಿತು, ವರ್ಷದೊಳಗೆ ಬಲಗಣ್ಣು. ಹಾಳೆಗಳನ್ನು ಪ್ರಾಚಿಗೆ ಹಿಂದಿರುಗಿಸಿಬಿಡು ಎಂದು ಮಗ ಹೇಳಿದ. ಗುರುಶಾಂತಮ್ಮ ಗಂಡನ ಕೈಗೆ ಒಂದು ಹಾಳೆ ಕೊಟ್ಟಳು.

"ನಂಗೇನು ತಿಳೀತದ ಇದರಾಗ?"

"ನಿಮಗ ರೋಡು ತಿಳೀತದಲ್ಲ? ಇದೂ ರೋಡೇ. ಹ್ಯಾಂಗ ಹೋಗ್ಯಾದ ಹೇಳ್ರಿ, ಸಾಕು."

ಹಾಗೆ ಶುರುವಾಯಿತು. ಅವನು ಚಷ್ಮಾ ಏರಿಸಿ, ಗೆರೆಯ ಮೊದಲಿಗೆ ಬೆರಳಿಟ್ಟು, ಮೈಕಿನ ದನಿಯಲ್ಲಿ ಹೇಳುತ್ತಿದ್ದ. "ಆಳಂದ ಬಿಟ್ಟೆ. ಸಪಾಟ. ಸಣ್ಣ ಸಣ್ಣ ತಗ್ಗು. ಇಲ್ಲಿ ರೋಡು ಕಡದದ."

"ಉಪಗ್ರಹಕ್ಕ ಭೂಮಿ ಅಡ್ಡ ಬಂದದ. ಮುಂದ ನಡೀರಿ."

"ನರೋಣಾ ದಾಟಿದೆ. ಸಪಾಟ. ಸಪಾಟ... ಏಯ್, ಘಾಟ ಬಂತು!"

"ಹತ್ತೋದು ಹ್ಯಾಂಗದ?"

"ಗೋಡಿ ಹತ್ತಿದಂಗ."

"ಇಳಿಯೋದು? ಬಿದ್ದಂಗೋ, ಇಳದಂಗೋ?"

ಯಂತ್ರದ ದೋಷವಾದರೆ ಗೆರೆ ನೆಟ್ಟಗೆ ಬೀಳುತ್ತದೆ. ಚಿಕ್ಕಿಯಾದರೆ ನಿಧಾನ ಇಳಿಯುತ್ತದೆ, ಉರಿದದ್ದು ಆರಲು ಹೊತ್ತು ಬೇಕು. ಅದನ್ನು ಅವಳು ಹೇಳಿಕೊಟ್ಟಿದ್ದಳು.

"ಇಳದಂಗ. ಮುದಿ ಎತ್ತು ಹಳ್ಳಕ್ಕ ಇಳದಂಗ."

ಆಗ ಅವಳ ಮುಖದಲ್ಲಿ ಮೂಡುತ್ತಿದ್ದ ಬೆಳಕನ್ನು ಶಾಂತಲಿಂಗಪ್ಪ ಬೇರೆಲ್ಲೂ ಕಂಡಿರಲಿಲ್ಲ. ಕಾಣದ ಕಣ್ಣನ್ನು ಅವಳು ಮೇಲೆತ್ತುತ್ತಿದ್ದಳು. ಬೇವಿನ ಎಲೆಗಳ ನಡುವಿನಿಂದ ಸಂಜೆಯ ಬಿಸಿಲು ಬಂದು ಅವಳ ಹಣೆಯ ಮೂರು ಬಿಳಿ ಗೆರೆಗಳ ಮೇಲೆ ಅಲ್ಲಾಡುತ್ತಿತ್ತು. ಎಲ್ಲೋ ದೂರದಲ್ಲಿ ಯಾರೋ ಕರೆದದ್ದನ್ನು ಕೇಳಿಸಿಕೊಂಡವಳ ಹಾಗೆ ಕಿವಿಗೊಟ್ಟು ಕೂತಿರುತ್ತಿದ್ದಳು. ಆಮೇಲೆ ಮೆಲ್ಲಗೆ, "ಗುರುತು ಹಾಕ್ರಿ," ಎನ್ನುತ್ತಿದ್ದಳು.

*

ಪ್ರಾಚಿ ಒಂದು ಗಂಟೆಯ ಬಸ್ಸಿಗೆ ಬಂದಳು. ಟೀಚರ ಮುಂದೆ ಬಹಳ ಹೊತ್ತು ಮಂಡಿಯೂರಿ ಕೂತಳು. ಎದ್ದಾಗ ಶಾಂತಲಿಂಗಪ್ಪ ಅವಳನ್ನು ಒಳಮನೆಗೆ ಕರೆದ. ಬಾಗಿಲು ಮುಂದೆ ಮಾಡಿದ.

"ಒಂದ್ ಮಾತು ಹೇಳಬೇಕವ್ವಾ. ನಾ ನಿಮ್ಮ ಟೀಚರಿಗೆ ಸುಳ್ಳು ಹೇಳೇನಿ."

"ಏನ್ರಿ ಕಾಕಾ?"

ಅವನು ನೆಲ ನೋಡುತ್ತ ಹೇಳಿದ. ಗುಡಿಯಲ್ಲಿ ಭಜನೆ ಆರಕ್ಕೆ. ತಾಳ ಹಾಕುವವನು ತಡವಾಗಿ ಹೋದರೆ ಎಲ್ಲರೂ ಕಾಯಬೇಕು. ಒಂದೊಂದು ದಿನ ಹಾಳೆ ಉಳಿದುಬಿಡುತ್ತಿದ್ದವು. ನಾಳೆ ನೋಡೋಣ ಎಂದರೆ ಅವಳು ಕೇಳುತ್ತಿರಲಿಲ್ಲ. ಆ ಬೆಳಕು ಅಲ್ಲಿಂದ ಹೊರಟು ಇಪ್ಪತ್ತು ಸಾವಿರ ವರ್ಷವಾಯಿತು, ನಿಮಗೆ ಐದು ನಿಮಿಷ ತಡೆಯಲಾಗದೆ ಎಂದು ಕುಟುಕುತ್ತಿದ್ದಳು. ಒಂದು ಶ್ರಾವಣದ ಸಂಜೆ ಅವನು ಹಾಳೆಯನ್ನು ಕಣ್ಣ ಮುಂದೆಯೂ ಹಿಡಿಯದೆ, ಚಪ್ಪಲಿ ಹುಡುಕುತ್ತ, "ಏನಿಲ್ಲ, ಎಲ್ಲಾ ಸಪಾಟ," ಎಂದುಬಿಟ್ಟ. ಅವಳು ಹಾಳೆ ಇಸಿದುಕೊಂಡು ಸುಮ್ಮನಾದಳು. ಒಮ್ಮೆ ಹೇಳಿದ ಮೇಲೆ ಮತ್ತೊಮ್ಮೆ ಹೇಳುವುದು ಕಷ್ಟವಾಗಲಿಲ್ಲ.

"ಲಿಂಗ ಮುಟ್ಟಿ ಪೂಜಿ ಮಾಡೋ ಕೈ ಇದು," ಎಂದು ಶಾಂತಲಿಂಗಪ್ಪ ಅಂಗೈ ತೋರಿಸಿದ. "ಕಣ್ಣಿಲ್ಲದಾಕಿಗೆ ಮೋಸ ಮಾಡೇದ. ಯಾವ ಹಾಳಿ ನೋಡಿಲ್ಲ ಅನ್ನೋದೂ ನನಗ ನೆನಪಿಲ್ಲ. ಆಕಿ ಹ್ಯಾಂಗ ಹೋದಳೋ, ನಾ ಹೇಳಿದ್ದೆಲ್ಲಾ ಖರೇ ಅಂತ ತಿಳಕೊಂಡು ಹೋದಳೋ ಏನೋ."

ಪ್ರಾಚಿ ಕೇಳಿದಳು: "ಕಾಕಾ, ಟೀಚರ್ ಕೆಲವು ಹಾಳಿ ಮೂಲಿ ಮಡಚತಿದ್ರೇನ್ರಿ?"

"ಹೌದು. ಬೆರಳಾಡಸ್ತಾಳ ಅಂತ ನಾ ಸುಮ್ಕಿದ್ದೆ."

"ಅವು ಎಲ್ಲಿ ಇಡ್ತಿದ್ರು?"

ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ, ಹಳೆಯ ಸೀರೆಯ ಅಂಚಿನಿಂದ ಕಟ್ಟಿದ ಒಂದು ಕಟ್ಟು ಸಿಕ್ಕಿತು. ಪ್ರತಿ ಹಾಳೆಯ ಮೇಲಿನ ಮೂಲೆ ಒಂದೇ ಅಳತೆಗೆ ಮಡಚಿತ್ತು, ಶಾಲೆಯಲ್ಲಿ ಮಕ್ಕಳ ನೋಟುಪುಸ್ತಕದ ಹಾಳೆ ಮಡಚುವ ಹಾಗೆ. ಪ್ರಾಚಿ ಎಣಿಸಿದಳು. ಅರವತ್ತೊಂದು.

"ಪ್ರತಿ ತಿಂಗಳು ತಿರುಗಿ ಬರೋ ಕಟ್ಟಿನಾಗ ನನಗ ಎರಡು ಮೂರು ಹಾಳಿ ಕಡಿಮಿ ಇರ್ತಿದ್ವು. ಕೇಳಿದೆ. 'ಅವು ಇನ್ನಾ ನೋಡಿಲ್ಲ. ನೋಡೋರು ಒಂದಿನ ತಾವಾಗೇ ನೋಡ್ತಾರ, ನೀ ಅವರಿಗೆ ಏನೂ ಅನಬ್ಯಾಡ' ಅಂದ್ರು ಟೀಚರ್."

ಶಾಂತಲಿಂಗಪ್ಪ ಮಂಚದ ಮೇಲೆ ಕೂತುಬಿಟ್ಟ. "ಆಕಿಗೆ ಹ್ಯಾಂಗ ತಿಳೀತು?"

"ಅದನ್ನೂ ಕೇಳಿದ್ದೆ," ಎಂದಳು ಪ್ರಾಚಿ. ಅಳುವಿನ ನಡುವೆ ಅವಳಿಗೆ ನಗು ಬಂತು. "ನೀವು ಖರೇನೇ ನೋಡಿದ್ರ ಮೊದಲು 'ಆಳಂದ ಬಿಟ್ಟೆ' ಅಂತೀರಂತ. ನೋಡದ ಹಾಳಿಗೆ ನೀವು ಆಳಂದ ಬಿಡೋದೇ ಇಲ್ಲಂತ."

ಹೊರಗೆ ಪದ ಮುಗಿದು ಇನ್ನೊಂದು ಪದ ಏರುತ್ತಿತ್ತು. ಶಾಂತಲಿಂಗಪ್ಪ ಕಟ್ಟನ್ನು ಎದೆಗೆ ಅವಚಿಕೊಂಡು ಎದ್ದ.

"ಕಾಕಾ, ಅವಸರ ಇಲ್ರಿ. ನಾ ಒಯ್ದು ನೋಡ್ತೇನಿ."

"ನಿನಗಲ್ಲವ್ವಾ," ಎಂದ ಅವನು. "ಆಕಿಗಿ."

*

ಹೆಂಡತಿಯ ಎದುರಿಗೆ ಚಾಪೆ ಎಳೆದುಕೊಂಡು ಕೂತ ಶಾಂತಲಿಂಗಪ್ಪ ಭಜನೆಯವರಿಗೆ ಕೈಮುಗಿದ. "ತುಸು ನಿಲ್ಲಸ್ರಿ. ನನ್ನವು ಓದೋದು ಉಳದಾವ."

ಹಾರ್ಮೋನಿಯಂ ಅರ್ಧ ಉಸಿರಿಗೆ ನಿಂತಿತು. ಅಂಗಳದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಮೊದಲ ಹಾಳೆಯ ಮೂಲೆ ಬಿಡಿಸಿ, ಗೆರೆಯ ತುದಿಗೆ ಬೆರಳಿಟ್ಟ.

"ಆಳಂದ ಬಿಟ್ಟೆ," ಎಂದ. ಬೆರಳನ್ನು ಗೆರೆಯ ಮೊದಲಿಗೆ ತಂದು ಮತ್ತೆ ಹೇಳಿದ. "ಆಳಂದ ಬಿಟ್ಟೆ. ಸಪಾಟ. ಸಪಾಟ. ಸಣ್ಣ ತಗ್ಗು. ರೋಡು ಕಡದದ."

"ಅಪ್ಪಾ," ಎಂದು ಸಂಜುಕುಮಾರ ಬಗ್ಗಿ ಕಿವಿಯಲ್ಲಿ ಹೇಳಿದ, "ಮಂದಿ ನೋಡಾಕತ್ತಾರ."

"ನೋಡ್ಲಿ."

"ಮಾಮಾಗ ತಲಿ ತಿರುಗೇದ," ಎಂದಳು ಶಿವಕಾಂತಾ. "ಆಕಿ ಇದ್ದಾಗ ಕಾಗದ, ಹೋದ ಮ್ಯಾಲೂ ಕಾಗದ. ಮಾಮಾ, ಬಾಯಾಗ ಒಂದು ಹನಿ ನೀರರ ಹಾಕ್ಕೊಂಡು ಓದ್ರಿ." ಬೈಯುತ್ತಲೇ ತಂಬಿಗೆ ತಂದು ಅವನ ಪಕ್ಕ ಇಟ್ಟಳು.

ಕ್ರಿಯೆ ಮಾಡಿಸಲು ಬಂದಿದ್ದ ಮಠಪತಿ ಅಯ್ಯನವರು ಕಟ್ಟೆಯ ಮೇಲೆ ಬಿಲ್ವಪತ್ರೆ ಬಿಡಿಸುತ್ತ ಕೂತಿದ್ದರು. "ಎಷ್ಟು ಹಾಳಿ ಅವ ಶಾಂತಲಿಂಗಪ್ಪನವರೆ?"

"ಅರವತ್ತೊಂದು, ಅಯ್ನೋರೆ."

"ನಾಕಕ್ಕ ಎತ್ತಬೇಕು. ಹೊತ್ತು ಮುಳುಗೋದ್ರಾಗ ಮಣ್ಣಾಗಬೇಕು. ಅದರಾಗ ಎಷ್ಟು ಆಗ್ತದ ಅಷ್ಟು ಓದ್ರಿ." ಅವರು ಇನ್ನೊಂದು ಎಲೆ ಬಿಡಿಸಿದರು. "ಹೋಗೋರ ಮುಂದ ಹೇಳೋದಿದ್ರ ಹೇಳಿ ಮುಗಸಬೇಕು."

ಒಂದು ಹಾಳೆಗೆ ಮೂರು ನಿಮಿಷ ಹಿಡಿಯಿತು. ಬೇಗ ಮಾಡಲು ಅವನಿಗೆ ಧೈರ್ಯವಾಗಲಿಲ್ಲ. ಪ್ರತಿ ಗೆರೆಯ ಮೇಲೂ ಬೆರಳು ಮೊದಲಿನಿಂದ ಕೊನೆಯ ತನಕ ನಡೆಯಬೇಕು. ಖಲೀಲ ಬಂದು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತು, ಕೇಳದೆಯೇ ಒಂದೊಂದಾಗಿ ಹಾಳೆಯ ಮೂಲೆ ಬಿಡಿಸಿ ಕೊಡತೊಡಗಿದ. ಹತ್ತು ಮುಗಿದವು. ಇಪ್ಪತ್ತು. ಎಲ್ಲವೂ ಸಪಾಟ. ನೋಡದೆ ಹೇಳಿದ ಸುಳ್ಳು ಖರೆಯೇ ಆಗಿತ್ತೆಂದು ತಿಳಿದು ಶಾಂತಲಿಂಗಪ್ಪನಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ನಾಚಿಕೆಯಾಯಿತು.

ಮೂವತ್ತೆರಡನೆಯ ಹಾಳೆಯಲ್ಲಿ ಬೆರಳು ತಟಕ್ಕನೆ ನಿಂತಿತು.

"ಏಯ್, ಘಾಟ! ಘಾಟ ಬಂತು!"

ಹಾರ್ಮೋನಿಯಂನವನು ಕೂಡ ಕತ್ತು ಉದ್ದ ಮಾಡಿದ. ಪ್ರಾಚಿ ಓಡಿ ಬಂದು ಬಗ್ಗಿದಳು. ಖಲೀಲ ಮೊದಲು ಹಾಳೆ ನೋಡಿದ, ಆಮೇಲೆ ನೆಲ ನೋಡಿದ.

"ಮಾಫ್ ಮಾಡ್ರಿ ಕಂಟ್ರೋಲರ್ ಸಾಹೇಬ್ರ. ಇದು ಚಿಕ್ಕಿದಲ್ಲ, ನನ್ನ ಮಷೀನಿಂದು. ಆ ದಿನ ಡ್ರಮ್ಮಿನಾಗ ಗೀಟು ಬಿದ್ದಿತ್ತು. ಒಂದು ಶಾದಿ ಕಾರ್ಡಿನಾಗ ಮದಿಮಗನ ಮೂಗಿನ ಮ್ಯಾಲೂ ಇದೇ ಗೀಟು ಬಂದು ನಾ ಬೈಸ್ಕೊಂಡೇನಿ."

ಯಾರೋ ನಕ್ಕುಬಿಟ್ಟು ಬಾಯಿ ಮುಚ್ಚಿಕೊಂಡರು. ಶಿವಕಾಂತಾಳ ಹೆಗಲೂ ನಗೆಗೆ ಕುಲುಕಿತು, ಮರುಗಳಿಗೆ ಅಳುವಿಗೆ ಕುಲುಕಿತು. ಶಾಂತಲಿಂಗಪ್ಪ ಗೆರೆಯನ್ನು ಮತ್ತೊಮ್ಮೆ ನೋಡಿದ. ಏರಿದ ಹಾಗೆಯೇ ನೆಟ್ಟಗೆ ಬಿದ್ದಿತ್ತು.

"ಬಿದ್ದಂಗ ಅದ," ಎಂದು ಹೆಂಡತಿಗೆ ವರದಿ ಒಪ್ಪಿಸಿದ. "ಇದು ನಿನ್ನದಲ್ಲ. ಮುಂದ ಹೋಗ್ತೇನಿ."

ನಾಲ್ಕಕ್ಕೆ, ಅವಳನ್ನು ಕೂಡಿಸಿ ಹೊತ್ತೊಯ್ಯುವ, ಹೂವು ಸುತ್ತಿದ ವಿಮಾನ ಬಾಗಿಲಿಗೆ ಬಂತು. ಹದಿನೆಂಟು ಹಾಳೆ ಉಳಿದಿದ್ದವು. ಸಂಜುಕುಮಾರ ತಂದೆಯ ಹೆಗಲ ಮೇಲೆ ಕೈಯಿಟ್ಟ. ಬೆಳಗಿನಿಂದ ಅವನೂ ಒಂದು ಹನಿ ಚಹ ಕುಡಿದಿರಲಿಲ್ಲ.

"ಅಪ್ಪಾ, ಸಾಕು ಮಾಡು. ಉಳಿದದ್ದೆಲ್ಲಾ ಸಪಾಟ ಅಂತ ಹೇಳಿ ಮುಗಿಸಿಬಿಡು. ಅವ್ವಗ ತಿಳೀತದ."

ಶಾಂತಲಿಂಗಪ್ಪ ಮಗನ ಮುಖವನ್ನು ಒಂದು ಸಲ ದಿಟ್ಟಿಸಿದ. ಬೈಯಲಿಲ್ಲ.

"ತಿಳೀತದಪ್ಪಾ," ಎಂದ. "ಅದಕ್ಕೇ ಹೇಳಾಕ ಬರಂಗಿಲ್ಲ. ನೀವು ಎತ್ತ್ರಿ. ನಾ ಬಾಜೂಕ ನಡಕೋತ ಓದ್ತೇನಿ."

*

ಮಟಕಿ ರಸ್ತೆಯಲ್ಲಿ ಅವರ ಹೊಲ. ಊರು ದಾಟಿದ ಮೇಲೆ ಎರಡೂ ಕಡೆ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಮಾಘದ ಬಿಸಿಲು ಹಳದಿಗೆ ತಿರುಗಿತ್ತು. ಗಾಳಿ ಬಂದಾಗ ತೆನೆಗಳೆಲ್ಲ ಒಂದೇ ಕಡೆಗೆ ಬಾಗಿ, ಮತ್ತೆ ಏಳುತ್ತಿದ್ದವು. ಅವುಗಳ ಮೇಲೆ ಗುರುಶಾಂತಮ್ಮ ತೇಲಿದ ಹಾಗೆ ಹೋಗುತ್ತಿದ್ದಳು. ನೆಟ್ಟಗೆ ಕೂತು, ಕಣ್ಣು ಮುಚ್ಚಿ, ತಲೆ ತುಸು ವಾಲಿಸಿ.

ಪಕ್ಕದಲ್ಲಿ ಶಾಂತಲಿಂಗಪ್ಪ ನಡೆಯುತ್ತಿದ್ದ. ಒಂದು ತೋಳನ್ನು ಪ್ರಾಚಿ ಹಿಡಿದಿದ್ದಳು. ಇನ್ನೊಂದು ಕೈಗೆ ಖಲೀಲ ಹಾಳೆ ಕೊಡುತ್ತಿದ್ದ, ಓದಿದ್ದನ್ನು ಇಸಿದುಕೊಂಡು ಕಂಕುಳಲ್ಲಿ ಇಡುತ್ತಿದ್ದ.

"ಆಳಂದ ಬಿಟ್ಟೆ!"

ಬಯಲಿಗೆ ಬಂದ ಮೇಲೆ ಅವನ ದನಿ ತಾನಾಗಿಯೇ ಹಿಂದಿನ ಎತ್ತರಕ್ಕೆ ಏರಿತ್ತು. ಎದುರಿನಿಂದ ಮಟಕಿಯ ಬಸ್ಸು ಬಂತು. ಚಾಲಕ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ. ಕಿಟಕಿಯಲ್ಲಿ ಒಬ್ಬ ಮುದುಕ ಪಕ್ಕದವನಿಗೆ ಹೇಳುವುದು ಕೇಳಿಸಿತು. "ಇದು ನಮ್ಮ ಸ್ಟ್ಯಾಂಡಿನ ದನಿ ಅಲ್ಲೇನಲೇ? ಎಲ್ಲಿ ಗಾಡಿ ಕರಿಯಾಕತ್ತಾರ ಇವ್ರು?" ಪಕ್ಕದವನು ವಿಮಾನ ನೋಡಿ ಕೈಮುಗಿದ. ಇಡೀ ಬಸ್ಸು ಕೈಮುಗಿಯಿತು.

ಸಪಾಟ. ಸಪಾಟ. ರೋಡು ಕಡಿದಿದೆ. ಮುಂದೆ ಸಪಾಟ. ಓದುತ್ತ ಓದುತ್ತ ಶಾಂತಲಿಂಗಪ್ಪನಿಗೆ ಕಾಲ ಕೆಳಗಿನ ರಸ್ತೆ ಯಾವುದು, ಬೆರಳಿನ ಕೆಳಗಿನದು ಯಾವುದು ಎಂಬ ಭೇದ ಹೋಗಿತ್ತು. ಎರಡೂ ಒಂದೇ ಕಡೆ ಹೋಗುತ್ತಿದ್ದವು. ಎರಡರ ತುದಿಯಲ್ಲೂ ಯಾರೂ ಕಾಣದ ಒಂದು ಬೆಳಕು ಇಪ್ಪತ್ತು ಸಾವಿರ ವರ್ಷದಿಂದ ನಡೆದುಬರುತ್ತಿತ್ತು. ತಾವೆಲ್ಲ ಅದಕ್ಕೆ ಎದುರಾಗಿ ನಿಧಾನ ನಡೆಯುತ್ತಿದ್ದೇವೆ ಎನ್ನಿಸಿತು.

ಐವತ್ತೆಂಟನೆಯ ಹಾಳೆ. ಏಳನೆಯ ಗೆರೆ.

ಅವನು ಸಪಾಟ ಎಂದ. ಮತ್ತೊಮ್ಮೆ ಸಪಾಟ ಎಂದ. ಆಮೇಲೆ ಏನೂ ಹೇಳಲಿಲ್ಲ. ನಡಿಗೆಯೂ ನಿಂತಿತು.

ಗೆರೆ ಗೋಡೆ ಹತ್ತಿದ ಹಾಗೆ ಏರಿತ್ತು. ತುದಿಯಲ್ಲಿ ಒಂದು ಕೂದಲೆಳೆಯಷ್ಟು ನಿಂತು, ಇಳಿಯಲು ಶುರು ಮಾಡಿತ್ತು. ಇಳಿಯುತ್ತ ಇಳಿಯುತ್ತ ಅವಸರವೇ ಇಲ್ಲದೆ ನೆಲ ಮುಟ್ಟಿತ್ತು. ಎಂಟನೆಯ ಗೆರೆಯ ನಡುವಿನಲ್ಲಿ, ಎಲ್ಲ ಮುಗಿಯಿತೆನ್ನುವಾಗ, ಇನ್ನೊಂದು. ಮೊದಲಿನದರ ಕಾಲುಭಾಗದಷ್ಟು ಎತ್ತರದ್ದು. ಅದೂ ಹಾಗೆಯೇ ಏರಿ, ಹಾಗೆಯೇ ಇಳಿದಿತ್ತು.

ಪ್ರಾಚಿ ಹಾಳೆಯ ಅಂಚು ಹಿಡಿದಳು. "ದೊಡ್ಡದು ನಮ್ಮ ಪಟ್ಟಿಯಾಗ ಅದ್ರಿ ಕಾಕಾ. ಎರಡನೇದು ಇಲ್ಲ. ಅದು ಯಾರೂ ನೋಡಿಲ್ಲ." ಸಣ್ಣ ಏರಿನ ಮೇಲೆ ಬೆರಳಿಟ್ಟು ಹೇಳಿದಳು: "ಎಲ್ಲಾ ಉರದುಹೋತು ಅನ್ನೋದ್ರಾಗ ಉಳದದ್ದು ಮತ್ತ ಹತ್ಕೊಳ್ಳೋದು ಭಾಳ ಅಪರೂಪ ಇರ್ತದ. ಟೀಚರ್ ಏಳು ವರ್ಷ ಇಂಥಾದ್ದನ್ನೇ ಹುಡುಕತಿದ್ರು."

ಖಲೀಲ ಹಾಳೆಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಪರೀಕ್ಷಿಸಿದ. "ಇದು ನನ್ನ ಮಷೀನಿಂದಲ್ಲ ಸಾಹೇಬ್ರ. ಕಸಂ ಮಾಡಿ ಹೇಳ್ತೇನಿ."

ಮುಂದೆ ಹೋಗಿದ್ದ ವಿಮಾನ ನಿಂತಿತು. ಹೊತ್ತವರು ಹಿಂತಿರುಗಿ ನೋಡಿದರು. ಶಾಂತಲಿಂಗಪ್ಪ ಹೆಂಡತಿಯ ಹತ್ತಿರ ಬಂದು ಬಾಯಿ ತೆರೆದ. ದನಿ ಬರಲಿಲ್ಲ. ಮೂವತ್ತು ವರ್ಷ ಮೈಕಿನಲ್ಲಿ ಕೂಗಿದ ಗಂಟಲು ಒಣಗಿದ ತೊಗರಿ ಸಿಪ್ಪೆಯ ಹಾಗೆ ಬರಿದೆ ಸದ್ದು ಮಾಡಿತು. ಶಿವಕಾಂತಾ ನೀರು ಕುಡಿಸಿದಳು, ಬೆನ್ನು ಸವರಿದಳು. "ಹೇಳ್ರಿ ಮಾಮಾ, ಹೇಳಿಬಿಡ್ರಿ ಆಕಿಗಿ," ಎಂದಳು. ಅವನು ಮತ್ತೊಮ್ಮೆ ಯತ್ನಿಸಿದ. ತುಟಿ ಅಲ್ಲಾಡಿದವು, ಅಷ್ಟೇ.

"ಹೊತ್ತು ಇಳದದ, ನಡೀರಿ," ಎಂದರು ಅಯ್ಯನವರು, ಮೆಲ್ಲಗೆ.

ಉಳಿದ ಮೂರು ಹಾಳೆಗಳನ್ನು ಪ್ರಾಚಿ ಓದಿದಳು. ಅವಳಿಗೆ ಊರುಗಳ ಹೆಸರು ಸಾಲಾಗಿ ಬರುತ್ತಿರಲಿಲ್ಲ. ಸಪಾಟ ಎಂಬುದನ್ನಷ್ಟೇ ಓದಿದಳು. ಶಾಂತಲಿಂಗಪ್ಪನ ಬೆರಳು ಮಾತ್ರ ಅವಳ ಜೊತೆಗೆ ಗೆರೆಯ ಮೇಲೆ ಕೊನೆಯ ತನಕ ನಡೆಯಿತು.

ಹೊಲದ ಬದುವಿನಲ್ಲಿ ಕುಣಿ ತಯಾರಿತ್ತು. ಆಳಕ್ಕೆ ಅಗೆದಲ್ಲೆಲ್ಲ ಎರೆಮಣ್ಣು ಹಸಿಯಾಗಿ, ಶಾಲೆಯ ಹೊಸ ಹಲಗೆಯ ಹಾಗೆ ಕಪ್ಪಗೆ ಮಿನುಗುತ್ತಿತ್ತು. ಒಂದು ಬದಿಯ ಗೂಡಿನಲ್ಲಿ ಅವಳನ್ನು ಇಳಿಸಿ ಕೂಡಿಸಿದರು. ಅಯ್ಯನವರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು, ಬಿಲ್ವಪತ್ರೆ ಏರಿಸಿ, ಮಂತ್ರ ಹೇಳಿದರು. ಎಲ್ಲರೂ ಮೇಲೆ ಬಂದರು. ಶಾಂತಲಿಂಗಪ್ಪ ಬರಲಿಲ್ಲ.

"ಅಪ್ಪಾ, ಕೈ ಕೊಡು," ಎಂದು ಸಂಜುಕುಮಾರ ಅಂಚಿನಲ್ಲಿ ಮಂಡಿಯೂರಿ ಕೈ ಚಾಚಿದ.

ಅವನು ಮಗನ ಇನ್ನೊಂದು ಕೈಯಲ್ಲಿದ್ದ ವಿಭೂತಿಯ ಗಟ್ಟಿಯನ್ನಷ್ಟೇ ತೆಗೆದುಕೊಂಡ. ಹೆಂಡತಿಯ ಎದುರಿನ ಕಪ್ಪು ಗೋಡೆಯ ಕಡೆ ತಿರುಗಿದ. ಎಡತುದಿಗೆ ವಿಭೂತಿ ಒತ್ತಿ, ಮೊಣಕಾಲೆತ್ತರದಲ್ಲಿ ಒಂದು ಬಿಳಿ ಗೆರೆ ಎಳೆಯತೊಡಗಿದ. ಬಹಳ ದೂರ ಸಪಾಟ ಬಂದ. ಅಲ್ಲಿ ನಿಂತ. ಆಮೇಲೆ ತೋಳನ್ನು ತಲೆಯ ಮೇಲಕ್ಕೆ, ಮಣ್ಣಿನ ಅಂಚಿನ ತನಕ ಎತ್ತಿ, ಅಲ್ಲಿಂದ ನಿಧಾನ ಇಳಿಸಿದ. ಮೊದಲಿನ ಮಟ್ಟಕ್ಕೆ ತಂದು ತುಸು ಸಪಾಟ ಎಳೆದ. ಮತ್ತೆ ಒಂದು ಸಣ್ಣ ಏರು ಏರಿದ. ಜೋಳದಲ್ಲಿ ಗಾಳಿ ಬಂದು ಹೋಯಿತು. ಅಂಚಿನಿಂದ ಒಂದು ಹಿಡಿ ಸಡಿಲ ಮಣ್ಣು ಜಾರಿ ಅವನ ಹೆಗಲ ಮೇಲೆ ಬಿತ್ತು. ಅವನ ಬೆರಳು ಇನ್ನೂ ಇಳಿಯುತ್ತಲೇ ಇತ್ತು.